ಎಡಗೈಯವನ ಪಿಸ್ತೂಲು

ಪಾವುನನ ಹೆಸರು ಕಿವಿಗೆ ಬಿದ್ದರೆ ಸಾಕು, ತ್ರಾಯಿಲನ ಕುತ್ತಿಗೆಯ ನರ ಉಬ್ಬುತ್ತಿತ್ತು. ಸತ್ತವನ ಮೇಲೆ ಇಷ್ಟು ಸಿಟ್ಟೇ ಎಂದು ಕೇಳುವವರು ಕೇಳಲಿ. ಪಾವುನ ಆಡಿದ ಮಾತು ಅವರಿಗೆ ಬಿದ್ದಿದ್ದರೆ ಗೊತ್ತಾಗುತ್ತಿತ್ತು.

ಇಬ್ಬರೂ ಅಣ್ಣತಮ್ಮಂದಿರ ಹಾಗೆ ಒಂದೇ ಅಂಗಡಿಯಲ್ಲಿ, ಒಂದೇ ಕಿಟಕಿಯ ಬೆಳಕಿಗೆ ಕೂತು ಕಣಿವೆಯ ಬೇಟೆಗಾರರ ಬಂದೂಕು ರಿಪೇರಿ ಮಾಡುತ್ತಿದ್ದ ಕಾಲ ಅದು. ಕೆಟ್ಟು ಮೂಲೆ ಸೇರಿದ್ದ ಪಿಸ್ತೂಲೊಂದನ್ನು ತ್ರಾಯಿಲ ಇಡೀ ಚಳಿಗಾಲ ಅರ ಹಿಡಿದು ಉಜ್ಜಿ, ತಿದ್ದಿ, ಎಬ್ಬಿಸಿ ನಿಲ್ಲಿಸಿದ್ದ. ಜಿಲ್ಲೆಯ ಗುರಿ ಪಂದ್ಯದಲ್ಲಿ ಅದೇ ಪಿಸ್ತೂಲು ಗೆದ್ದಿತು. ಪಡಖಾನೆಯಲ್ಲಿ ಯಾರೋ, "ಯಾರಪ್ಪಾ ಇದನ್ನ ಮಾಡಿದ್ದು?" ಎಂದು ಕೇಳಿದರು. ಪಾವುನ ಮೀಸೆ ಒರೆಸಿಕೊಂಡ. "ಇನ್ಯಾರು ಮಾಡ್ತಾರೆ? ನಾನೇ. ಇವನು ಪಕ್ಕದಲ್ಲಿ ಎಣ್ಣೆಬಟ್ಟೆ ಹಿಡ್ಕೊಂಡು ಕೂತಿದ್ದ ಅಷ್ಟೆ" ಎಂದುಬಿಟ್ಟ. ಪಡಖಾನೆಯೆಲ್ಲ ನಕ್ಕಿತು. ತ್ರಾಯಿಲ ಕೈಲಿದ್ದ ಲೋಟವನ್ನು ಗೋಡೆಗೆ ಬೀಸಿ ಹೊರಬಿದ್ದವನು, ಬೆಳಗಾಗುತ್ತಲೇ ತನ್ನ ಅರ, ಸುತ್ತಿಗೆಗಳನ್ನು ಗೋಣಿಗೆ ತುಂಬಿಕೊಂಡು ಹೋಗಿ ಬೇರೆ ಅಂಗಡಿ ಇಟ್ಟ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಾವುನ ಸತ್ತಾಗ ಇವನು ಮಣ್ಣಿಗೂ ಹೋಗಲಿಲ್ಲ.

ಅಂಥವನ ಅಂಗಡಿಗೆ ಒಂದು ಬೆಳಿಗ್ಗೆ ಪಾವುನನ ಹೆಂಡತಿ ಫ್ಲೋರಿಕಾ ಬಂದಳು. ಕಂಕುಳಲ್ಲಿ ಬಟ್ಟೆಯ ಗಂಟು.

"ದಾರಿ ತಪ್ಪಿ ಬಂದ್ಯಾ ಅತ್ತಿಗೆ?"

"ಕೂಗಾಡೋದಿದ್ರೆ ಆಮೇಲೆ ಕೂಗಾಡು. ಮೊದ್ಲು ಇದನ್ನ ನೋಡು."

ಗಂಟಿನಲ್ಲಿ ಪಾವುನನ ಪಿಸ್ತೂಲಿತ್ತು. ಪಂದ್ಯ ಗೆದ್ದದ್ದಲ್ಲ, ಬೇರೆಯದು. ಬೆಲ್ಜಿಯಂನದು, ರಾಜನ ಕಾಲದ್ದು, ಅವನಪ್ಪ ಸೈನ್ಯದಿಂದ ತಂದದ್ದು. ನೆಲಮಾಳಿಗೆಯ ತೇವದಲ್ಲಿ ಬಿದ್ದು ಮೈಯೆಲ್ಲ ತುಕ್ಕು. ಹಿಡಿಯ ಎರಡೂ ಹಲಗೆಗಳು ಕೊಳೆತು ಉದುರಿದ್ದವು.

"ಕನಸಲ್ಲಿ ಬರ್ತಾನೆ" ಎಂದಳು ಫ್ಲೋರಿಕಾ. "ಮಾತಾಡಲ್ಲ. ಎಡಗೈ ಮುಂದಕ್ಕೆ ಚಾಚಿ ಸುಮ್ನೆ ನಿಂತಿರ್ತಾನೆ. ಕೋಟು ಕೊಟ್ಟೆ, ಟೋಪಿ ಕೊಟ್ಟೆ, ಹೊಗೆಸೊಪ್ಪು ಕೊಟ್ಟೆ, ರೇಡಿಯೋನೂ ಕೊಟ್ಟೆ. ಇದೊಂದು ಮರ್ತೇ ಹೋಗಿತ್ತು. ಬರೋ ತಿಂಗಳು ಏಳನೇ ವರ್ಷದ ಪೊಮಾನ. ಅದೇ ಕೊನೇದು ತ್ರಾಯಿಲಾ. ಅದಾದ್ಮೇಲೆ ಅವನಿಗೆ ಒಂದು ಸೂಜೀನೂ ಕಳಿಸೋಕಾಗಲ್ಲ."

ಇದನ್ನು ತ್ರಾಯಿಲನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪೊಮಾನ ಎಂದರೆ ಸತ್ತವರ ಹೆಸರಿನ ಊಟ. ಅದರ ಮೇಜಿನ ಮೇಲೆ ಸತ್ತವನ ಹೆಸರು ಹೇಳಿ ಏನು ಕೊಡುತ್ತಾರೋ, ಅವನ ಜಾಗದಲ್ಲಿ ಕೂತ ಬದುಕಿರುವ ಮನುಷ್ಯ ಏನನ್ನು ಕೈಯಾರೆ ತೆಗೆದುಕೊಳ್ಳುತ್ತಾನೋ, ಅದು ಅಲ್ಲಿಗೆ ಮುಟ್ಟುತ್ತದೆ. ಹೇಗಿದೆಯೋ ಹಾಗೇ ಮುಟ್ಟುತ್ತದೆ. ಹರಿದ ಅಂಗಿ ಕೊಟ್ಟರೆ ಸತ್ತವನು ಹರಿದ ಅಂಗಿಯಲ್ಲೇ ಇರಬೇಕು. ಅದಕ್ಕೇ ಆ ಬೆಟ್ಟಗಳಲ್ಲಿ ತಾವು ಚಿಂದಿ ಉಟ್ಟವರೂ ಸತ್ತವರಿಗೆ ಹೊಸದನ್ನೇ ಕೊಡುತ್ತಾರೆ.

"ಸರಿ, ತಗೊಳ್ಳೋಕೆ ಕೂರೋನು ಯಾರು?"

"ನೀನೇ."

"ತಲೆ ನೆಟ್ಟಗಿದ್ಯಾ ನಿಂಗೆ?"

"ಪಿಸ್ತೂಲಿಟ್ಕೊಳ್ಳೋ ಪರವಾನಗಿ ಈ ಕಣಿವೇಲಿ ನಿನ್ನ ಬಿಟ್ಟು ಯಾರಿಗಿದೆ? ಇನ್ನೊಬ್ಬನ ಕೈಗೆ ಕೊಟ್ರೆ ಪೊಲೀಸ್ನೋರು ನನ್ನನ್ನೇ ಎಳ್ಕೊಂಡು ಹೋಗ್ತಾರೆ. ಮೈಕಟ್ಟೂ ಅವನದ್ದೇ ನಿಂದು. ಹೊಟ್ಟೆ ಒಂಚೂರು ಜಾಸ್ತಿ."

ತ್ರಾಯಿಲ ಬಾಗಿಲು ತೋರಿಸಬೇಕೆಂದಿದ್ದ. ಆದರೆ ಕೈ ಆಗಲೇ ಪಿಸ್ತೂಲಿನ ಮೇಲಿತ್ತು. ಕೆಲಸಗಾರನ ಕೈ ಯಜಮಾನನ ಮಾತು ಕೇಳುವುದಿಲ್ಲ.

"ಅವನಿಗೋಸ್ಕರ ಮಾಡ್ತಾ ಇಲ್ಲ, ತಿಳ್ಕೋ" ಎಂದ.

"ಯಾರಿಗೋಸ್ಕರಾನಾದ್ರೂ ಮಾಡು. ಅವನಿಗೆ ಮುಟ್ಲಿ" ಎಂದು ತಮ್ಮ ಹಿತ್ತಿಲಿನ ಅಕ್ರೋಟು ಮರದ ತುಂಡೊಂದನ್ನು ಮೇಜಿನ ಮೇಲಿಟ್ಟು ಹೋದಳು.

ಉಕ್ಕಿನ ಕೆಲಸದಲ್ಲಿ ತ್ರಾಯಿಲ ಮೋಸ ಮಾಡಲಿಲ್ಲ. ಬಿಚ್ಚಿ, ಎಣ್ಣೆಯಲ್ಲಿ ನೆನೆಸಿ, ತುಕ್ಕು ಕೆರೆದ. ಸತ್ತುಹೋಗಿದ್ದ ಸ್ಪ್ರಿಂಗು ತೆಗೆದು ಹೊಸದು ಹಾಕಿದ. ನಳಿಗೆಯ ತುದಿಯ ಗುರಿಮೊಳೆ ಸವೆದಿತ್ತು. ಹೊಸದನ್ನು ಸ್ವಲ್ಪ ಎತ್ತರವಾಗಿ ಕಡೆದು ಕೂರಿಸಿದ. ಬಣ್ಣಕ್ಕೆ ಹಳೆಯ ದಾರಿಯನ್ನೇ ಹಿಡಿದ: ಉಕ್ಕಿಗೆ ತುಕ್ಕು ಹಿಡಿಸುವ ದ್ರಾವಣ ಸವರಿ ತೇವದ ಪೆಟ್ಟಿಗೆಯಲ್ಲಿ ನೇತು ಹಾಕುವುದು, ಬೆಳಗಾಗುವಷ್ಟರಲ್ಲಿ ಮೈತುಂಬ ಹೊಸ ತುಕ್ಕು ಕೂತಿರುತ್ತದೆ, ಅದನ್ನು ನೀರಲ್ಲಿ ಕುದಿಸಿದರೆ ಕಪ್ಪಾಗುತ್ತದೆ, ತಂತಿ ಬ್ರಷ್ಷಿನಿಂದ ತಿಕ್ಕಿ ಮತ್ತೆ ಮೊದಲಿಂದ. ಹೀಗೆ ಪದರ ಪದರವಾಗಿ ನೀಲಿಗಪ್ಪು ಏರುತ್ತದೆ. ಬರಿಗೈ ತಾಗಿಸುವಂತಿಲ್ಲ. ಬೆರಳಿನ ಜಿಡ್ಡು ಅಂಟಿದ ಕಡೆ ತುಕ್ಕು ಹಿಡಿಯುವುದಿಲ್ಲ, ಗುರುತು ಉಳಿದುಬಿಡುತ್ತದೆ. ತ್ರಾಯಿಲ ಬಿಳಿ ಕೈಗವಸು ಹಾಕದೆ ಅದನ್ನು ಮುಟ್ಟಿದವನಲ್ಲ.

ಆದರೂ ಮೊದಲನೆಯ ಬೆಳಿಗ್ಗೆ ಪೆಟ್ಟಿಗೆ ತೆರೆದರೆ, ಕೆಂಪು ತುಕ್ಕಿನ ನಡುವೆ ಒಂದು ಹೆಬ್ಬೆಟ್ಟಿನ ಗುರುತು ಬೋಳಾಗಿ ಹೊಳೆಯುತ್ತಿತ್ತು.

ಜಿಡ್ಡು ಹೋಗಲೆಂದು ಬೂದಿನೀರಿನಲ್ಲಿ ತೊಳೆದು ಮತ್ತೆ ಇಟ್ಟ. ಮತ್ತೆ ಬಂತು. ಮೂರನೆಯ ಸಲ ಬಂದಾಗ ಕಿಟಕಿಯ ಹತ್ತಿರ ಹಿಡಿದು ನೋಡಿದ. ಗುರುತು ಪಿಸ್ತೂಲಿನ ಬಲಮಗ್ಗುಲಲ್ಲಿತ್ತು. ಬಲಗೈಯಲ್ಲಿ ಹಿಡಿಯುವವನ ಹೆಬ್ಬೆರಳು ಅಲ್ಲಿ ಕೂರುವುದೇ ಇಲ್ಲ. ಪಾವುನ ಎಡಗೈಯವನು.

ತಟ್ಟನೆ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ. ಹೆದರಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ತಿರುಗಿ ಸತ್ತವನ ಮೇಲೆ ಹೋಯಿತು. "ಈಗ್ಲೂ ಕೈ ಹಾಕ್ತೀಯಲ್ಲೋ ನನ್ನ ಕೆಲಸಕ್ಕೆ!" ಎಂದು ಖಾಲಿ ಅಂಗಡಿಯಲ್ಲಿ ಕೂಗಿದ. "ಎಡಗೈ ಚಾಚ್ಕೊಂಡು ನಿಂತಿದ್ದೀಯಾ? ತಗೋ ಹಾಗಾದ್ರೆ!"

ಅವತ್ತೇ ಅಕ್ರೋಟಿನ ತುಂಡನ್ನು ಸೀಳಿ ಹಿಡಿ ಕೆತ್ತಲು ಕೂತ. ಪಂದ್ಯದವರು ಇಷ್ಟಪಡುವಂಥ ಹಿಡಿ. ಎಡಹಲಗೆಯ ಮೇಲೆ ಹೆಬ್ಬೆರಳು ಒರಗಲು ಮರದ ದಪ್ಪ ದಿಂಡು, ಬಲಹಲಗೆಯಲ್ಲಿ ಅಂಗೈ ತುಂಬುವ ಉಬ್ಬು. ಬಲಗೈಗೆ ಅದು ಬೆಣ್ಣೆ. ಎಡಗೈಯಲ್ಲಿ ಹಿಡಿದರೆ ಆ ದಿಂಡು ನೇರ ಅಂಗೈಗೆ ಒತ್ತುತ್ತದೆ. ಅಳತೆಗೆ ತನ್ನದೇ ಬಲಗೈಯನ್ನು ಇಟ್ಟುಕೊಂಡ. ಹೇಗಿದೆಯೋ ಹಾಗೇ ಮುಟ್ಟುವುದಾದರೆ ಮುಟ್ಟಲಿ. ಅಲ್ಲಿ ಕೂತು ಕೊನೆಯಿಲ್ಲದ ಕಾಲ ಹಿಡಿಯಲಿ.

ಮಾರನೆಯ ಬೆಳಿಗ್ಗೆ ತುಕ್ಕು ಸಮನಾಗಿ ಕೂತಿತ್ತು. ಹೆಬ್ಬೆಟ್ಟು ಮತ್ತೆ ಬರಲಿಲ್ಲ. ಗೆದ್ದೆ ಎಂದುಕೊಂಡ ತ್ರಾಯಿಲ. ಆದರೆ ಅಂಗಡಿಯಲ್ಲಿ ಆ ದಿನದಿಂದ ಯಾರೋ ಈಗಷ್ಟೇ ಎದ್ದುಹೋದಂಥ ಮೌನ ಕೂತಿತ್ತು.

ಪೊಮಾನದ ದಿನ ಮಧ್ಯಾಹ್ನ ಫ್ಲೋರಿಕಾಳ ಅಂಗಳದಲ್ಲಿ ಉದ್ದನೆಯ ಮೇಜು. ಜೋಳದ ಹಿಟ್ಟಿನ ಮುದ್ದೆ, ಕುರಿಗಿಣ್ಣು, ಬೇಯಿಸಿದ ಗೋಧಿ, ಪ್ಲಮ್ಮಿನ ಸಾರಾಯಿ, ಪ್ರತಿ ರೊಟ್ಟಿಯ ಮೇಲೂ ಒಂದು ಮೇಣದಬತ್ತಿ. ಪಾವುನನ ಅಳತೆಗೆ ಹೊಲಿಸಿದ ಹೊಸ ಅಂಗಿ, ಕೋಟು, ಕುರಿತುಪ್ಪಳದ ಟೋಪಿಯನ್ನು ತ್ರಾಯಿಲನಿಗೆ ತೊಡಿಸಿದರು. ಹೊಟ್ಟೆಯ ಹತ್ತಿರ ಬಿಗಿಯಾಗುತ್ತದೆಂದು ಎಲ್ಲರೂ ನಗಲು ಕಾದಿದ್ದರು. ಬಿಗಿಯಾಗಲಿಲ್ಲ.

ಹೆಸರು ಹೇಳಿ ಕೊಡಿಸುವ ಡೋಕಿಯಾ ಅಜ್ಜಿ ಎದುರಿಗೆ ಕೂತಳು. "ಈ ರೊಟ್ಟಿ ಪಾವುನನಿಗೆ. ಮುಟ್ತಾ?"

"ಮುಟ್ತು" ಎಂದು ತ್ರಾಯಿಲ ರೊಟ್ಟಿ ತೆಗೆದುಕೊಂಡ. ಅಜ್ಜಿ ಅವನ ಕೈಯನ್ನೇ ನೋಡಿದಳು. ಫ್ಲೋರಿಕಾ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಗ ತ್ರಾಯಿಲನೂ ನೋಡಿಕೊಂಡ. ರೊಟ್ಟಿ ಎಡಗೈಯಲ್ಲಿತ್ತು.

ಲೋಟವನ್ನು ಬಲಗೈಯಲ್ಲಿ ಎತ್ತಬೇಕೆಂದು ಹಟ ಹಿಡಿದ. ಬಲಗೈ ತೊಡೆಯ ಮೇಲೆ ನಿದ್ದೆ ಹೋದ ಮಗುವಿನ ಹಾಗೆ ಬಿದ್ದಿತ್ತು.

"ಈ ಪಿಸ್ತೂಲು ಪಾವುನನಿಗೆ" ಎಂದಳು ಅಜ್ಜಿ. "ಹಿಡ್ಕೊಂಡು ನೋಡಪ್ಪ."

ಎಡಗೈ ಹಿಡಿಯಿತು. ಮರದ ದಿಂಡು ಅಂಗೈಯ ಮೆತ್ತನೆಯ ಜಾಗಕ್ಕೆ ಒತ್ತಿತು. ಮಾತು ಮನಸ್ಸಿನಲ್ಲೇ ಉಳಿಯಿತು ಎಂದುಕೊಂಡಿದ್ದ ತ್ರಾಯಿಲ, ಆದರೆ ಬಾಯಿಂದ ಬಂದೇಬಿಟ್ಟಿತ್ತು: "ಇದು ನನ್ನ ಕೈಗೆ ಕೂರ್ತಾ ಇಲ್ಲ."

ಆ ಕುರ್ಚಿಯಲ್ಲಿ ಕೂತವನು 'ನನ್ನ ಕೈ' ಎಂದರೆ ಅದು ತ್ರಾಯಿಲನ ಕೈಯಲ್ಲ, ಪಾವುನನದು ಎಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತು.

ಫ್ಲೋರಿಕಾ ಮುಂದೆ ಬಾಗಿ ಕೇಳಿದಳು, "ಹಾಗಾದ್ರೆ... ಹಿಂಗ್ಯಾರು ಮಾಡಿದ್ರು ಇದನ್ನ?"

ತ್ರಾಯಿಲ ತುಟಿ ಕಚ್ಚಿ ಹಿಡಿದ. ತುಟಿ ನಿಲ್ಲಲಿಲ್ಲ. "ಇನ್ಯಾರು ಮಾಡ್ತಾರೆ?" ಎಂದಿತು ಅವನ ಬಾಯಿ, ಮೆಲ್ಲಗೆ, ಸ್ವಲ್ಪವೂ ಸಿಟ್ಟಿಲ್ಲದೆ. "ತ್ರಾಯಿಲ ಮಾಡಿದ್ದು. ಪೂರಾ ಅವನೇ. ನಾನು ಕೈಯೇ ಹಾಕಿಲ್ಲ."

ಯಾವ ಮಾತಿಗಾಗಿ ವರ್ಷಗಟ್ಟಲೆ ಹಲ್ಲು ಕಡಿದಿದ್ದನೋ ಅದು ಎಲ್ಲರೆದುರು ಸಿಕ್ಕಿಬಿಟ್ಟಿತ್ತು, ತನ್ನ ಜೀವಮಾನದ ಅತಿ ಹೊಲಸು ಕೆಲಸಕ್ಕೆ. ಬೇಡ, ಇದನ್ನು ಕಳಿಸಬೇಡಿ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಅಜ್ಜಿ ಕೇಳಿಯಾಗಿತ್ತು.

"ಮುಟ್ತಾ?"

"ಮುಟ್ತು" ಎಂದಿತು ಬಾಯಿ. ಅಜ್ಜಿ ಮೇಣದಬತ್ತಿ ಆರಿಸಿದಳು.

ಆಮೇಲೆ ತ್ರಾಯಿಲ ಬೇರೆ ಕೆಲಸ ಮುಟ್ಟದೆ ಅದೇ ಮರದಿಂದ ಇನ್ನೊಂದು ಹಿಡಿ ಕೆತ್ತಿದ. ಪಾವುನನ ಕೈ ಅವನಿಗೆ ಕಣ್ಣು ಮುಚ್ಚಿದರೂ ನೆನಪಿತ್ತು. ಎಷ್ಟು ವರ್ಷ ಪಕ್ಕದಲ್ಲಿ ಕೂತಿದ್ದನಲ್ಲ. ದಿಂಡು ಬಲಕ್ಕೆ, ಉಬ್ಬು ಎಡಕ್ಕೆ. ಅಷ್ಟು ಚೆಂದದ ಹಿಡಿಯನ್ನು ಅವನು ಇನ್ನೊಂದು ಮಾಡಿಲ್ಲ. ತೆಗೆದುಕೊಂಡು ಹೋಗಿ ಫ್ಲೋರಿಕಾಳ ಮುಂದಿಟ್ಟ.

"ಇದನ್ನ ಕಳಿಸು ಅತ್ತಿಗೆ."

ಅವಳು ಬಹಳ ಹೊತ್ತು ಹಿಡಿಯನ್ನು ಸವರಿದಳು. ಬೈಯುತ್ತಾಳೆಂದು ಕಾದ, ಬೈಯಲಿಲ್ಲ. ಅದೇ ಕಷ್ಟವಾಯಿತು.

"ಯಾವ ಮೇಜಿನ ಮೇಲೆ ಇಡೋದು ಮೈದುನಾ? ಕೊನೇದು ಆಗಿಹೋಯ್ತಲ್ಲ."

ಪಾವುನ ಪಡಖಾನೆಯ ಮಾತಿನ ಬಾಕಿಯನ್ನು ಊರೆದುರು ತೀರಿಸಿ ಹೋಗಿದ್ದಾನೆ. ತ್ರಾಯಿಲನದು ಹಾಗೇ ಇದೆ. ಅದನ್ನು ಕಟ್ಟಿಸಿಕೊಳ್ಳುವ ಜಾಗ ಈ ಲೋಕದಲ್ಲಿ ಎಲ್ಲೂ ಇಲ್ಲ.