ಕೆಂಪಿಯ ಗಂಟೆ

ಆಗೆಲ್ಲ ನಮ್ಮ ಹನೂರು ಕಡೆಯ ಕಾಡಂಚಿನ ಊರುಗಳಲ್ಲಿ ಹೊತ್ತು ಮುಳುಗುವಾಗ ದನಗಳನ್ನು ಕಣ್ಣಿನಿಂದಲ್ಲ, ಕಿವಿಯಿಂದ ಹುಡುಕುತ್ತಿದ್ದರು. ಕಾಡಿನಿಂದ ಬರುವ ಒಂದೊಂದು ಗಂಟೆಯ ದನಿಯೂ ಯಾವ ಮನೆಯದೆಂದು ನಮಗೆ ಗೊತ್ತಿತ್ತು.

ನಮ್ಮದು ನಾನೂ ತಾತನೂ ಇಬ್ಬರೇ ಇದ್ದ ಮನೆ. ನಮ್ಮ ಹಸು ಕೆಂಪಿಯ ಕಂಚಿನ ಗಂಟೆ ಬಿರುಕು ಬಿಟ್ಟ ವರ್ಷ, ಮಾರ್ಟಳ್ಳಿ ಕಡೆಯಿಂದ ಎರಕ ಹೊಯ್ಯುವವನೊಬ್ಬ ಬಂದ. ಹುಣಸೆಮರದಡಿ ಗುಂಡಿ ತೋಡಿ, ಸೌದೆ ಒಟ್ಟಿ, ತಿದಿ ಒತ್ತತೊಡಗಿದ. ಆ ಹೊಗೆ, ಸುಟ್ಟ ಮಣ್ಣು, ಜೇನುಮೇಣದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಹಳೆಯ ಗಂಟೆ ಮೂಸೆಯಲ್ಲಿ ಕರಗಿತು.

"ಕೊಂಚ ಕಮ್ಮಿ ಬೀಳ್ತದೆ ಯಜಮಾನ್ರೇ, ಅಚ್ಚು ತುಂಬಾಕಿಲ್ಲ. ಕಂಚು ಬಿಟ್ಟು ಬ್ಯಾರೆ ಏನೂ ಆಕಂಗಿಲ್ಲ, ನಾದ ಕೆಡ್ತದೆ," ಎಂದ ಎರಕದವನು.

ತಾತನ ಮುಖ ಸಣ್ಣಗಾಯಿತು. ಎರಕದವನ ಎರಡನೇ ಮಾತು ನನ್ನ ತಲೆಗೆ ಹೋಗಲೇ ಇಲ್ಲ. ನನ್ನ ಹತ್ತಿರ ಕುಂಟೆಬಿಲ್ಲೆ ಆಡುವ ಸೀಸದ ಬಿಲ್ಲೆಯಿತ್ತು. ಎಸೆದರೆ ಗೆರೆ ಮುಟ್ಟದೆ ಮನೆಯೊಳಗೇ ಬೀಳುವಂಥದ್ದು, ಊರ ಹುಡುಗಿಯರೆಲ್ಲ ಅದರ ಮೇಲೆ ಕಣ್ಣಿಟ್ಟಿದ್ದರು. ತಾತನೂ ಎರಕದವನೂ ಅಚ್ಚು ತರಲು ಅತ್ತ ಹೋದಾಗ ಅದನ್ನು ಮೂಸೆಗೆ ಎಸೆದುಬಿಟ್ಟೆ. ಕೆಂಪಿಗೆ ನನ್ನದೂ ಒಂದು ಪಾಲು ಎಂಬ ಹೆಮ್ಮೆ ಬೇರೆ.

ಅಚ್ಚು ತುಂಬಿದ್ದು ಕಂಡು ಎರಕದವನೇ ಬೆರಗಾದ. "ಆರಿದ್ಮೇಲೆ ಮಣ್ಣು ಒಡ್ಕಳಿ" ಎಂದು ಮುಂದಿನ ಊರಿಗೆ ಹೊರಟ. ಸಂಜೆ ತಾತ ಮಣ್ಣು ಒಡೆದು, ನಾಲಗೆ ಕಟ್ಟಿ ಅಲ್ಲಾಡಿಸಿದ. ಗಂಟೆ ಡಬ್ ಎಂದಿತು. ಎರಕದವನ ಎರಡನೇ ಮಾತು ಆಗ ನನ್ನ ತಲೆಗೆ ಹೋಯಿತು.

ತಾತ ಕಿವಿಗೆ ಬೆರಳಿಟ್ಟು ಕೆದಕಿಕೊಂಡ. "ನನ್ ಕಿವಿ ಮಂದ ಆಗದೋ ಏನೋ. ನಿಂಗೆಂಗ್ ಕೇಳ್ತದೆ ಕೂಸೇ?"

"ಟಣ್ ಅಂತದೆ ತಾತ."

ಬೈಗುಳಕ್ಕೆ ಹೆದರಿ ಆಡಿದ ಮಾತು. ಅದನ್ನು ನಂಬಿ ತಾತ ಗಂಟೆಯನ್ನು ಕೆಂಪಿಯ ಕೊರಳಿಗೆ ಕಟ್ಟಿದ.

ನಾಲ್ಕನೆಯ ಸಂಜೆ ಎಲ್ಲರ ದನ ಬಂದವು, ಕೆಂಪಿ ಬರಲಿಲ್ಲ. ತಾತ ನನ್ನ ಕೈಹಿಡಿದು ಕಾಡಿನಂಚಿಗೆ ಕರೆದೊಯ್ದ.

"ನಂಗೆ ಕೇಳಾಕಿಲ್ಲ. ನಿನ್ ಕಿವಿ ಚುರುಕು. ಎತ್ತಗ್ ಓಗ್ಬೇಕು, ಯೋಳವ್ವ."

ನನ್ನ ಮುಖವನ್ನೇ ನೋಡುತ್ತ ನಿಂತ. ಜೀರುಂಡೆ ಬಿಟ್ಟರೆ ಬೇರೆ ಸದ್ದಿಲ್ಲ. ಯಾವುದೋ ದಿಕ್ಕಿಗೆ ಕೈ ತೋರಿಸಿದೆ. ತಾತ ಆ ಕಡೆಗೇ ನಡೆದ. ಮೂರು ದಿನ ಹೀಗೇ ಆಯಿತು. ಕೆಂಪಿ ಸಿಗಲಿಲ್ಲ.

ಆಮೇಲೆ ಯಾರು ಮಾತಾಡಿಸಿದರೂ ತಾತ, "ನಂಗೆ ಕಿವಿ ಕೇಳಾಕಿಲ್ಲ ಕಣ್ರಪ್ಪಾ" ಎಂದುಬಿಡುತ್ತಿದ್ದ. ಆದರೆ ಒಳಗೆ ನಾನು ಗೆಳತಿಗೆ ಪಿಸುಗುಟ್ಟಿದ್ದು ಕೂಡ ಅವನಿಗೆ ಜಗಲಿಯಲ್ಲಿ ಕೇಳುತ್ತಿತ್ತು.

ಈಗ ಕಾಡಿಗೆ ದನ ಬಿಡುವವರಿಲ್ಲ. ಕೊಟ್ಟಿಗೆಯಲ್ಲೇ ನಿಂತಿರುವ ಸೀಮೆಹಸುವಿಗೆ ಗಂಟೆ ಯಾಕೆ? ಹೊತ್ತು ಮುಳುಗುವಾಗ ಊರಲ್ಲಿ ಬೈಕಿನ ಸದ್ದು ಮಾತ್ರ. ನಿನ್ನ ಕಿವಿ ಸರಿಯಾಗೇ ಇತ್ತು ತಾತ ಎಂದು ಹೇಳಲು ನನಗೆ ಎಷ್ಟೋ ಸಂಜೆಗಳಿದ್ದವು. ಈಗ ಹೇಳೋಣವೆಂದರೆ ಅವನಿಲ್ಲ.