ವಾರಿಜಕ್ಕನ ಗಾಳಿಮರದ ಸಾಲು

ಉಂಡೆದ್ದವರ ಬೆನ್ನು ಹತ್ತಿ "ಇನ್ನೊಂದು ಸೌಟು" ಎನ್ನುವ ಹೆಂಗಸರು ಉಡುಪಿ ಕಡೆ ಮನೆಗೊಬ್ಬರಾದರೂ ಸಿಗುತ್ತಾರೆ. ಮಲೇಷ್ಯಾದ ನಿಲಾಯ್‌ನಲ್ಲಿ ಇದ್ದವರು ವಾರಿಜಕ್ಕ ಒಬ್ಬರೇ. ಹಾಗಾಗಿ ಅಷ್ಟೂ ಮನೆಗಳ ಕೆಲಸ ಅವರೊಬ್ಬರ ತಲೆಗೇ ಬಿದ್ದಿತ್ತು. ಗಂಡ ಉಮಾನಾಥರು ಮೆಡಿಕಲ್ ಕಾಲೇಜಿನ ಮೇಷ್ಟ್ರು. ಡೌಟು ಕೇಳಲು ಮನೆಗೆ ಬಂದ ವಿದ್ಯಾರ್ಥಿಗಳು ಡೌಟು ಅಲ್ಲೇ ಬಿಟ್ಟು ಹೊಟ್ಟೆ ತುಂಬಿಸಿಕೊಂಡು ಹೋಗುತ್ತಿದ್ದರು. ಮಗಳು ಮೇಧಾಳಿಗೆ ಹದಿನೈದು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಮ್ಮಾ, ಎನಫ್ ಲಾ!" ಎಂಬುದು, ಆ ಊರಿನವರ 'ಲಾ' ಬಾಲಂಗೋಚಿ ಸಮೇತ, ಆ ಮನೆಯಲ್ಲಿ ಮೂರು ಹೊತ್ತೂ ಕೇಳುವ ಮಂತ್ರವಾಗಿತ್ತು.

ತೊಂಬತ್ತೇಳರ ಮೇ ತಿಂಗಳಲ್ಲಿ ಮೇಧಾ ಶಾಲೆಯವರ ಒತ್ತಾಯಕ್ಕೆ ಮರ ನೆಡುವ ಸ್ವಯಂಸೇವಕರ ತಂಡಕ್ಕೆ ಹೆಸರು ಕೊಟ್ಟಳು. ಹೊರಡುವ ದಿನವೇ ಜ್ವರ ಬಂತು. ಹೆಸರು ಕೊಟ್ಟು ಹೋಗದಿದ್ದರೆ ಮರ್ಯಾದೆ ಉಂಟಾ? ತಾಯಿಯೇ ಹೊರಟರು. ಕಾಟನ್ ಸೀರೆ, ಮಗಳ ಕ್ಯಾನ್ವಾಸ್ ಶೂ, ಕೈಯಲ್ಲಿ ಅರವತ್ತು ಇಡ್ಲಿಯ ಡಬ್ಬಿ.

ಜಾಗ ಡೆಂಕಿಲ್ ಊರಿನ ಆಚೆಗಿನ ಹಳೇ ತವರದ ಗಣಿ. ಮಲೇಷ್ಯಾದಲ್ಲಿ ಮರುಭೂಮಿ ಎಲ್ಲಿಂದ ಬಂತು ಎಂದು ಕೇಳಬೇಡಿ, ಅದನ್ನು ಮನುಷ್ಯನೇ ಮಾಡಿಟ್ಟಿದ್ದ. ಅದಿರಿಗಾಗಿ ಮಣ್ಣನ್ನೆಲ್ಲ ತೊಳೆದು ತೊಳೆದು, ಉಳಿದದ್ದು ಕಣ್ಣು ಹಾಯುವವರೆಗೆ ಬಿಳಿ ಮರಳು. ಮಳೆ ಬಂದರೂ ಜರಡಿಗೆ ಹೊಯ್ದ ಹಾಗೆ ಇಳಿದು ಮಾಯ. ದೂರದಲ್ಲಿ ಸರ್ಕಾರದ ಹೊಸ ಆಡಳಿತ ನಗರಿ ಪುತ್ರಜಯಾ ಕಟ್ಟುತ್ತಿದ್ದ ಕ್ರೇನುಗಳು ಕಾಣುತ್ತಿದ್ದವು. ತಂಡದ ಯಜಮಾನ ಚಾಂಗ್, ಅರವತ್ತೈದರ ಮುದುಕ, ಮೂವತ್ತು ವರ್ಷ ಅದೇ ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು.

ಅವನ ಕಾನೂನು ಖಡಕ್ಕು. ಒಬ್ಬೊಬ್ಬರಿಗೆ ಒಂದು ಸಾಲು, ಸಾಲಿಗೆ ಇಪ್ಪತ್ತು ಗಾಳಿಮರದ ಸಸಿ. "ಭಾನುವಾರ ಮಾತ್ರ ನೀರು, ಗಿಡಕ್ಕೊಂದು ಡಬ್ಬ ತುಂಬ. ನಡುವೆ ಒಂದು ಹನಿಯೂ ಕೊಡಬಾರದು ಲಾ. ಬಾಯಾರಿದರೆ ಬೇರು ತಾನೇ ಕೆಳಗೆ ಹುಡುಕಿಕೊಂಡು ಹೋಗುತ್ತದೆ." ಅಕ್ಟೋಬರಿನಲ್ಲಿ ಲೆಕ್ಕ. ಹತ್ತು ಗಿಡ ಬದುಕಿದ್ದರೆ ಸಾಲಿನ ತಲೆಗೆ ನೆಟ್ಟವರ ಹೆಸರಿನ ಫಲಕ. ಇಲ್ಲದಿದ್ದರೆ ಇಲ್ಲ.

ಫಲಕ ಎಂದೊಡನೆ ವಾರಿಜಕ್ಕನ ಕಿವಿ ನೆಟ್ಟಗಾಯಿತು. ಮನೆಬಾಗಿಲಲ್ಲಿ ಇದ್ದದ್ದು ಡಾಕ್ಟರ್ ಉಮಾನಾಥ. ಶಾಲೆಯಲ್ಲಿ ಅವರು ಮೇಧಾಳ ಅಮ್ಮ. ಮದುವೆ ಕಾಗದ ಬಂದರೆ 'ಡಾ. ಉಮಾನಾಥ ಮತ್ತು ಕುಟುಂಬ'. ಆ 'ಮತ್ತು ಕುಟುಂಬ'ದೊಳಗೆ ಇಪ್ಪತ್ತು ವರ್ಷ ಕೂತು ಕೂತು ಅವರಿಗೆ ಕಾಲು ಜೋಮು ಹಿಡಿದಿತ್ತು. ಒಂದೇ ಒಂದು ಕಡೆ, ಮರಳಲ್ಲಾದರೂ ಸೈ, ತಮ್ಮ ಹೆಸರು ನಿಲ್ಲಬೇಕೆಂಬ ಆಸೆ ಹುಟ್ಟಿತು. ಆಸೆಯೆಂದರೆ ಸಣ್ಣದಲ್ಲ, ನಿದ್ದೆಗೆಡಿಸುವಂಥದ್ದು.

ಆದರೆ ಎದುರಿಗೆ ಯಾರೋ ಬಾಯಾರಿ ನಿಂತಿರುವಾಗ ಭಾನುವಾರದವರೆಗೆ ಕಾಯುವುದು ಹೇಗೆ?

"ಮಲ್ಪೆ ಕಡಪ್ಪುರದ, ಆ ಕಡಲ ದಂಡೆಯ ಗಾಳಿಮರಕ್ಕೆ ಯಾರು ಮಾರಾಯ್ತಿ ನೀರು ಹೊಯ್ಯುವುದು?" ಎಂದರು ಉಮಾನಾಥರು.

"ಅಲ್ಲಿ ಅದರ ಹುಟ್ಟೂರು. ಇಲ್ಲಿ ಪಾಪ ಪರವೂರು. ಹೇಳುವವರು ಕೇಳುವವರು ಯಾರುಂಟು?"

"ಅದರ ಹುಟ್ಟೂರೇ ಈ ಕಡೆ. ಪರವೂರಿನವರು ನಾವು."

"ನೀವು ಸುಮ್ಮನಿರಿ. ನಿಮಗೆ ಎಲ್ಲದಕ್ಕೂ ಒಂದು ಉತ್ತರ."

ದಿನ ಬಿಟ್ಟು ದಿನ, ಮೇಧಾಳನ್ನು ಶಾಲೆಗೆ ಬಿಟ್ಟು, ಕಾರು ನೇರ ಮರಳಿಗೆ. ಡಿಕ್ಕಿಯಲ್ಲಿ ಆರು ಬಾಟಲಿ ಅಕ್ಕಿ ತೊಳೆದ ನೀರು. "ಕುಡಿ ಮಗಾ" ಎನ್ನುತ್ತ ಗಿಡಗಿಡಕ್ಕೂ ಒಂದೊಂದು ಲೋಟ. ಮೊದಲ ಗಿಡಗಳಿಗೆ ಉಪಚಾರ ಜಾಸ್ತಿಯಾಗಿ ಹದಿನೇಳನೆಯದಕ್ಕೆ ನೀರು ಮುಗಿಯುತ್ತಿತ್ತು. ಕೊನೆಯ ಮೂರಕ್ಕೆ ಪ್ರತಿ ಸಲವೂ, "ನಾಡಿದ್ದು ನಿಮ್ಮಿಂದಲೇ ಶುರು ಮಾಡ್ತೇನೆ, ಬೇಜಾರು ಮಾಡ್ಬೇಡಿ." ನಾಡಿದ್ದು ಮತ್ತೆ ಅದೇ ಕಥೆ.

ಜುಲೈ ಮುಗಿಯುವಷ್ಟರಲ್ಲಿ ಅವರ ಸಾಲು ಹಸಿರೆಂದರೆ ಹಸಿರು. ಪಕ್ಕದ ಸಾಲಿನ ಬಸ್ ಡ್ರೈವರ್ ಮುನಿಯಾಂಡಿಯ ಗಿಡಗಳು ಉಪವಾಸ ಕೂತ ಸನ್ಯಾಸಿಗಳಂತಿದ್ದವು. "ಅಕ್ಕಾ, ಎಂತ ಮ್ಯಾಜಿಕ್ ಇದು?" ಎಂದು ಅವನು ಬಾಯಿ ಬಿಟ್ಟ. "ಕೈಗುಣ" ಎಂದರು ವಾರಿಜಕ್ಕ, ಕಣ್ಣು ತಪ್ಪಿಸಿ. ಸುಳ್ಳು ಹೇಳಿದ ಪಾಪಕ್ಕೆ ಅವನಿಗೆ ಮೂರು ಇಡ್ಲಿ ಹೆಚ್ಚಿಗೆ ಬಡಿಸಿದರು.

ಸೆಪ್ಟೆಂಬರಿನಲ್ಲಿ ಸುಮಾತ್ರಾದ ಕಾಡ್ಗಿಚ್ಚಿನ ಹೊಗೆ ಬಂತು. ಎದುರು ಮನೆ ಕಾಣದಷ್ಟು ಹೊಗೆ. ಮೊದಲೇ ಮಳೆ ಮುನಿದಿದ್ದ ವರ್ಷ ಅದು. ತಂಡದ ಕೆಲಸ ಮೂರು ವಾರ ಬಂದ್ ಆಯಿತು. ವಾರಿಜಕ್ಕ ಕಳ್ಳದಾರಿ ಹಿಡಿಯುವವರೇ, ಆದರೆ ಉಮಾನಾಥರು ಕಾರಿನ ಕೀಲಿಯನ್ನೇ ಕಿಸೆಗೆ ಹಾಕಿಕೊಂಡರು. "ನಿನ್ನ ಶ್ವಾಸಕೋಶ ಮೊದಲು, ಗಿಡ ಆಮೇಲೆ."

"ಅಲ್ಲಿ ಮಕ್ಕಳು ಸಾಯ್ತಾ ಉಂಟು ಮಾರಾಯ್ರೆ!"

"ಅಮ್ಮಾ, ಐ ಆಮ್ ಹಿಯರ್" ಎಂದಳು ಮೇಧಾ, ಸೋಫಾದಿಂದ.

ಲೆಕ್ಕದ ದಿನ ಬಂತು. ಮುನಿಯಾಂಡಿಯ ಸನ್ಯಾಸಿಗಳಲ್ಲಿ ಹದಿನೈದು ಜೀವಂತ, ಬಡಕಲಾದರೂ ಹಸಿರು. ವಾರಿಜಕ್ಕನ ಸಾಲಿನಲ್ಲಿ ಹದಿನೇಳು ಪೊರಕೆಕಡ್ಡಿಗಳು ನಿಂತಿದ್ದವು. ಕೊನೆಯ ಮೂರು ಮಾತ್ರ ಏನೂ ಆಗದವರ ಹಾಗೆ ಗಾಳಿಗೆ ತಲೆಯಾಡಿಸುತ್ತಿದ್ದವು. ಚಾಂಗ್ ಒಂದು ಕಡ್ಡಿಯನ್ನು ಎರಡೇ ಬೆರಳಲ್ಲಿ ಎಳೆದ. ಸಲೀಸಾಗಿ ಬಂತು. ಬೇರು ಪೂರ್ತಿ ಮೇಲೆಯೇ ಮುದ್ದೆಯಾಗಿತ್ತು, ಒಂದು ಎಳೆಯೂ ಕೆಳಗೆ ಇಳಿದಿರಲಿಲ್ಲ. ಕೂತಲ್ಲೇ ನೀರು ಬರುವಾಗ ಅದಾದರೂ ಯಾಕೆ ಇಳಿಯುತ್ತದೆ?

ವಾರಿಜಕ್ಕ ಆ ಮುದ್ದೆ ನೋಡಿದರು. ಚಾಂಗ್ ಅವರ ಮುಖ ನೋಡಿದ. ನಾಲ್ಕು ತಿಂಗಳು ಅವರ ಇಡ್ಲಿ ತಿಂದ ಮನುಷ್ಯ, ಉಪ್ಪಿನ ಋಣ ಬಿಡುತ್ತದೆಯೇ?

"ಹೊಗೆ ಲಾ, ಮೇಡಂ. ಹೊಗೆಗೆ ಯಾರೇನು ಮಾಡೋದು? ಕೆಲವು ಸತ್ತಿಲ್ಲ, ನಿದ್ದೆ ಮಾಡ್ತಿವೆ. ಹತ್ತು ಅಂತ ಬರೀತೇನೆ." ಮುನಿಯಾಂಡಿ ಆಗಲೇ ಪಿಕಪ್ಪಿನಿಂದ ಫಲಕ ಇಳಿಸಿದ್ದ. ಅವನೇ ಬರೆದದ್ದು. ನೀಲಿ ಬಣ್ಣ, ದೊಡ್ಡ ಅಕ್ಷರ, ವಾರಿಜಾ. ಹಿಂದೆ ಮುಂದೆ ಏನೂ ಇಲ್ಲ, ಬರೀ ವಾರಿಜಾ.

ಅವರು ಅದನ್ನು ಒಮ್ಮೆ ಸವರಿದರು. ಬಣ್ಣ ಒಣಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಯಾರಿಗೂ ನಷ್ಟವಿರಲಿಲ್ಲ.

"ಹೊಗೆ ಅಲ್ಲ" ಎಂದರು. "ನಾನೇ ಕೊಂದದ್ದು. ನೀವು ಬೇಡ ಅಂದ್ರೂ ಕದ್ದು ಕದ್ದು ನೀರು ಕುಡಿಸಿದೆ. ಆ ಮೂರು ಉಂಟಲ್ಲ, ಅವಕ್ಕೆ ಆ ಕದ್ದ ನೀರು ಒಂದು ದಿನವೂ ಸಿಕ್ಕಿಲ್ಲ, ಪಾಪ. ಹಾಗೆ ಬದುಕಿದವು."

ಮುನಿಯಾಂಡಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಮರಳಲ್ಲೇ ಕೂತ. "ನಗ್ತೀಯಾ? ನಿಂಗೆ ಇನ್ನು ಇಡ್ಲಿ ಕೊಟ್ರೆ ಕೇಳು!" ಎಂದು ಗದರಿದ ವಾರಿಜಕ್ಕ ಅಳುತ್ತ ಅಳುತ್ತಲೇ ನಕ್ಕುಬಿಟ್ಟರು. ಚಾಂಗ್ ಮಾತ್ರ ನಗಲಿಲ್ಲ. ಸುತ್ತಲಿನ ಬಿಳಿ ಬಯಲು ತೋರಿಸಿ, "ನಾನು ಮೂವತ್ತು ವರ್ಷ ಪೈಪಿನಲ್ಲಿ ನೀರು ಹೊಡೆದು ಹೊಡೆದೇ ಇಷ್ಟನ್ನೂ ಕೊಂದದ್ದು, ಮೇಡಂ. ನಿಮ್ಮದು ಹದಿನೇಳೇ" ಎಂದ. ಪುಸ್ತಕದಲ್ಲಿ ಮೂರು ಎಂದು ಬರೆದುಕೊಂಡ. ಫಲಕ ಮರಳಿ ಪಿಕಪ್ಪಿಗೆ ಹೋಯಿತು. ಹದಿನೇಳು ಹೊಸ ಸಸಿ ಕೆಳಗಿಳಿದವು.

ವಾರಿಜಕ್ಕ ಸೆರಗು ಸಿಕ್ಕಿಸಿಕೊಂಡು ಮೊದಲಿನಿಂದ ನೆಟ್ಟರು. ಗಿಡಕ್ಕೊಂದು ಡಬ್ಬ ನೀರು, ಅಳತೆಗೆ ಸರಿಯಾಗಿ. ಮಧ್ಯಾಹ್ನದ ಬಿಸಿಲಿಗೆ ಹದಿನೇಳೂ ತಲೆ ಬಗ್ಗಿಸಿ ನಿಂತವು. ವಾರಿಜಕ್ಕನ ಕೈ ತಾನಾಗಿ ಚೀಲಕ್ಕೆ ಹೋಯಿತು, ತಾವು ಕುಡಿಯಲು ತಂದ ಬಾಟಲಿ ಹೊರಬಂತು, ಮುಚ್ಚಳವೂ ಬಿಚ್ಚಿತು. ಚಾಂಗ್ ನೋಡುತ್ತಿದ್ದ. ಮುನಿಯಾಂಡಿ ಉಸಿರು ಬಿಗಿಹಿಡಿದ. ಬಾಟಲಿ ಮೊದಲ ಗಿಡದ ಕಡೆ ಅರ್ಧ ವಾಲಿತು, ನಿಂತಿತು. ಆಮೇಲೆ ವಾರಿಜಕ್ಕ ಅದನ್ನು ಎತ್ತಿ ತಮ್ಮ ಬಾಯಿಗೇ ಸುರಿದುಕೊಂಡರು, ಗಟಗಟ, ಕೊನೆಯ ಹನಿಯವರೆಗೆ. ಗಿಡಗಳ ಮುಖ ಮಾತ್ರ ನೋಡಲಿಲ್ಲ.