ಹೆಬ್ಬೆರಳ ಮಾತಿಗೆ ಅಂಗೈ ಕೊಟ್ಟ ಝುಹ್ರಾ

ಬೆಳಿಗ್ಗೆ ಆರೂಕಾಲು. ಇಚಿಲಂಪಾಡಿಯ ಉಲಹನ್ನಾನ್ ಅವರ ಮಂಚದ ಪಕ್ಕದ ಸ್ಟೂಲಿನಲ್ಲಿ ಫಾತಿಮತ್ ಝುಹ್ರಾ ಕೂತಿದ್ದಾರೆ. ಅವರ ಎಡ ಅಂಗೈ ಹಿರಿಯರ ಹೆಬ್ಬೆರಳಿನಡಿಯಲ್ಲಿದೆ, ಬಲಗೈಯಲ್ಲಿ ಪೆನ್ನು. ಹೆಬ್ಬೆರಳು ಅಂಗೈಯನ್ನು ಒತ್ತುತ್ತದೆ. ಚುಟುಕಾಗಿ ಒತ್ತಿದರೆ ಚುಕ್ಕೆ, ತುಸು ಹಿಡಿದರೆ ಗೆರೆ. ಚುಕ್ಕೆ ಗೆರೆ ಸೇರಿದರೆ ಒಂದು ಅಕ್ಷರ. ಮೂರು ನಿಮಿಷಕ್ಕೆ ನೋಟ್‌ಬುಕ್ಕಿನಲ್ಲಿ ಎರಡು ಪದ ಮೂಡುತ್ತವೆ: ದಿಂಬು ಗಟ್ಟಿ.

"ನಿನ್ನೆಯಿಂದ ಸಹಿಸಿಕೊಂಡದ್ದಾ ಅಪ್ಪಚ್ಚ? ಹೇಳುದಲ್ವಾ ಮಾರಾಯ್ರೆ!" ಎನ್ನುತ್ತಾ ಝುಹ್ರಾ ದಿಂಬು ಬದಲಿಸುತ್ತಾರೆ. ಹೇಳುವುದು ಯಾರಿಗೆ? ಆ ಹೆಬ್ಬೆರಳನ್ನು ಓದಬಲ್ಲವರು ಸದ್ಯಕ್ಕೆ ಅವರೊಬ್ಬರೇ.

ಝುಹ್ರಾಗೆ ನಲವತ್ತೊಂದು. ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಸಣ್ಣ ಸಂಸ್ಥೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಕೆಲಸ. ದಿನಕ್ಕೆ ಏಳು ಮನೆ, ಸ್ಕೂಟರಿನಲ್ಲಿ ಮೂವತ್ತನಾಲ್ಕು ಕಿಲೋಮೀಟರ್. ಮೈ ಒರೆಸಬೇಕು, ಹುಣ್ಣಿಗೆ ಮದ್ದು ಹಚ್ಚಬೇಕು, ಮೂತ್ರದ ಚೀಲ ಬದಲಿಸಬೇಕು. "ಸುರುವಿಗೆ ನಮ್ಮವರೇ ಕೇಳಿದ್ರು, ಗಂಡಸರ ಮೈ ಒರೆಸುದಾ ಅಂತ. ಈಗ ಅವರ ಮನೆಯಲ್ಲೇ ಇಬ್ರು ಮಲಗಿದ್ದಾರೆ. ನಾನೇ ಹೋಗುದು" ಎಂದು ನಗುತ್ತಾರೆ.

ಉಲಹನ್ನಾನ್‌ಗೆ ಎಪ್ಪತ್ತಾರು. ರಬ್ಬರ್ ಕೃಷಿಗಿಳಿಯುವ ಮೊದಲು ಇಪ್ಪತ್ತೆರಡು ವರ್ಷ ಸರಕಿನ ಹಡಗುಗಳಲ್ಲಿ ವಯರ್‌ಲೆಸ್ ಆಪರೇಟರ್ ಆಗಿದ್ದವರು. ಎರಡು ವರ್ಷದ ಹಿಂದಿನ ಪಾರ್ಶ್ವವಾಯು ಮಾತನ್ನೂ ಕೈಕಾಲನ್ನೂ ಒಟ್ಟಿಗೆ ಕಿತ್ತುಕೊಂಡಿತು. ತಿಳಿವಳಿಕೆ ಉಳಿದಿಲ್ಲ ಎಂದರು ಆಸ್ಪತ್ರೆಯವರು. ಕೆಲವು ತಿಂಗಳಾದ ಮೇಲೆ ಬಲಗೈ ಹೆಬ್ಬೆರಳು ಅಲುಗತೊಡಗಿತು. ಅದು ನಡುಕ ಎಂದಾಯಿತು. ನಡುಕಕ್ಕೆ ಮಾತ್ರೆ ಬಂತು. ಹೆಬ್ಬೆರಳು ಸುಮ್ಮನಾಯಿತು.

ಕಳೆದ ತಿಂಗಳು ಆ ಮಾತ್ರೆ ಅಂಗಡಿಯಲ್ಲಿ ನಾಲ್ಕು ದಿನ ಸಿಗಲಿಲ್ಲ. ಬೆರಳು ಮತ್ತೆ ಅಲುಗಿತು. ಆ ಹೊತ್ತಿಗೆ ಈ ಮನೆಗೆ ಬರತೊಡಗಿದ್ದ ಝುಹ್ರಾ ಅದನ್ನು ನೋಡಿದರು.

"ನಡುಕ ಅಂದ್ರೆ ಅದಕ್ಕೆ ಕ್ರಮ ಇರುದಿಲ್ಲ. ನಾನು ಎಷ್ಟು ನೋಡಿಲ್ಲ? ಇದಕ್ಕೆ ಕ್ರಮ ಉಂಟು. ಗಿಡ್ಡ, ಉದ್ದ, ಆಮೇಲೆ ಸ್ವಲ್ಪ ನಿಲ್ಲುದು. ಪುನಃ ಅದೇ ಸಾಲು" ಎನ್ನುತ್ತಾರೆ ಝುಹ್ರಾ. ಅವರು ಆ ಸಾಲನ್ನು ಬರೆದುಕೊಂಡರು. ಇವರು ಮೊದಲು ಎಂತ ಮಾಡ್ತಿದ್ದದ್ದು ಎಂದು ಹೆಂಡತಿ ಅಗ್ನಸ್ ಅವರನ್ನು ಕೇಳಿದರು. ಮನೆಗೆ ಹೋಗಿ ಮೊಬೈಲಿನಲ್ಲಿ ಹಡಗಿನ ವಯರ್‌ಲೆಸ್ ಸಂಕೇತ ಹುಡುಕಿದರು. ಸಿಕ್ಕಿದ್ದು ಚುಕ್ಕೆ ಗೆರೆಗಳ ಮೋರ್ಸ್ ಪಟ್ಟಿ. ಅದರೊಂದಿಗೆ ತಾಳೆ ಹಾಕಿದಾಗ ಇಂಗ್ಲಿಷಿನ ಐದು ಅಕ್ಷರ ಬಂದವು: ಅಗ್ನಸ್. "ಹೆಂಡತಿಯನ್ನು ಕರೀತಾ ಇದ್ದದ್ದು. ಅಮ್ಮಚ್ಚಿ ಅಲ್ಲೇ ಪಕ್ಕದಲ್ಲಿ ಬಟ್ಟೆ ಮಡಚ್ತಾ ಇದ್ರು."

ಉಲಹನ್ನಾನ್ ಇಂಗ್ಲಿಷ್ ಅಕ್ಷರಗಳಲ್ಲಿ ಮಲಯಾಳ ಮಾತಾಡುತ್ತಾರೆ. ಮನೆಯಲ್ಲಿ ಮಲಯಾಳಕ್ಕೆ ಹತ್ತಿರದ ಬ್ಯಾರಿ ಭಾಷೆ ಆಡುವ ಝುಹ್ರಾಗೆ ಅದು ಕಷ್ಟವಲ್ಲ. ಕಷ್ಟವಾದದ್ದು ಮಗ ಬೇಸಿಲ್ ಅವರನ್ನು ನಂಬಿಸುವುದು. ಸಂಸ್ಥೆಯ ವೈದ್ಯರು ಹದಿನೈದು ದಿನ ಮಾತ್ರೆ ನಿಲ್ಲಿಸಿ ನೋಡಿ ಎಂದಿದ್ದರು. ಇಂದು ಹದಿನೈದನೆಯ ದಿನ. ನಂಬಿಕೆ ಬರದಿದ್ದರೆ ಮಾತ್ರೆ ಮತ್ತೆ ಶುರು ಎಂದು ಬೇಸಿಲ್ ಮೊದಲೇ ಹೇಳಿದ್ದಾರೆ.

"ಸಿಸ್ಟರ್, ನೀವು ಸ್ವಲ್ಪ ಅಂಗಳಕ್ಕೆ ಹೋಗಿ" ಎನ್ನುತ್ತಾರೆ ಬೇಸಿಲ್. ಝುಹ್ರಾ ಹೋಗುತ್ತಾರೆ. ಅಗ್ನಸ್ ಅಡುಗೆಮನೆಯಲ್ಲಿದ್ದಾರೆ. ಬೇಸಿಲ್ ಅಪ್ಪನ ಕಿವಿಯ ಬಳಿ ಬಗ್ಗಿ ಕೇಳುತ್ತಾರೆ: ಚಿಕ್ಕಂದಿನಲ್ಲಿ ಚರ್ಚಿನಲ್ಲಿ ನನ್ನ ಮೊದಲ ಕುರ್ಬಾನವಾದಾಗ ಕೊಟ್ಟ ವಾಚ್ ಯಾವ ಊರಿನದ್ದು? ಆಮೇಲೆ ಝುಹ್ರಾ ಅವರನ್ನು ಕರೆಯುತ್ತಾರೆ.

ಝುಹ್ರಾ ಅಂಗೈ ಕೊಡುತ್ತಾರೆ. ಒಂದೊಂದೇ ಅಕ್ಷರ ಇಳಿಯುತ್ತದೆ.

"ಪುತ್ತೂರು."

ಬೇಸಿಲ್ ಮುಖ ಗಂಟಿಕ್ಕುತ್ತಾರೆ. "ಅಲ್ಲ. ಕೋಬೆ. ಜಪಾನಿಂದ ತಂದ ವಾಚ್ ಅದು. ಸಾಕು ಸಿಸ್ಟರ್."

"ನಂಗೆ ಕೋಬೆ ಗೊತ್ತಿಲ್ಲ, ಜಪಾನೂ ಗೊತ್ತಿಲ್ಲ. ಕೈಗೆ ಬಂದದ್ದು ಪುತ್ತೂರು. ತಪ್ಪಿದ್ರೆ ಅಪ್ಪಚ್ಚ ಎಂಟು ಸಲ ಪಟಪಟ ಒತ್ತಿ ಅಳಿಸ್ತಾರೆ, ಅದು ವಯರ್‌ಲೆಸ್‌ನವರ ಕ್ರಮ. ಅಳಿಸ್ಲಿಲ್ಲ. ನಾನು ಎಂತ ಬದಲಿಸುದು?"

ಬಾಗಿಲಲ್ಲಿ ಅಗ್ನಸ್ ನಿಂತಿದ್ದಾರೆ, ಕೈಯಲ್ಲಿ ಸೌಟು. "ಯಾವ ವಾಚ್?" ಎಂದು ಕೇಳಿ, ಉತ್ತರ ತಿಳಿದು, ಬಾಯಿಗೆ ಸೆರಗು ಒತ್ತಿ ನಗುತ್ತಾರೆ. "ಪುತ್ತೂರೇ ಬೇಸಿಲೇ. ಹಡಗಿನಿಂದ ತರ್ಲಿಕ್ಕೆ ಮರ್ತಿದ್ರು. ಪುತ್ತೂರಲ್ಲಿ ಬಸ್ ಇಳಿದಾಗ ನೆನಪಾಗಿ ಅಲ್ಲೇ ತೆಕ್ಕೊಂಡದ್ದು. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ರು." ನಗು ನಡುವೆಯೇ ಅಳುವಾಗುತ್ತದೆ. ಅವರು ಗೋಡೆಗೊರಗಿ ನೆಲದಲ್ಲಿ ಕೂರುತ್ತಾರೆ.

"ಇಡೀ ಶಾಲೆಗೆ ಜಪಾನ್ ಅಂತ ತೋರಿಸಿದ್ದೆ ಅಪ್ಪಾ!"

ಹೆಬ್ಬೆರಳು ಮತ್ತೆ ಅಲುಗುತ್ತದೆ. ಝುಹ್ರಾ ಓದುತ್ತಾರೆ: "ಒಳ್ಳೆ ಓಡಿತಲ್ಲಾ."

ಬೇಸಿಲ್ ಹೊರಗೆ ಹೋಗಿ ವೈದ್ಯರಿಗೆ ಫೋನ್ ಮಾಡುತ್ತಾರೆ. "ಆ ಮಾತ್ರೆ ಬೇಡ ಸಾರ್" ಎನ್ನುವುದು ಒಳಗೂ ಕೇಳುತ್ತದೆ. ಒಳಗೆ ಬಂದು ಸ್ಟೂಲಿನಲ್ಲಿ ಕೂತು ತಮ್ಮ ಅಂಗೈಯನ್ನು ಅಪ್ಪನ ಬೆರಳಿನಡಿ ಇಡುತ್ತಾರೆ. ಝುಹ್ರಾ ಅವರ ಮುಂದೆ ಪಟ್ಟಿ ಹಿಡಿಯುತ್ತಾರೆ. ಮೊದಲ ಅಕ್ಷರಕ್ಕೇ ಬೇಸಿಲ್ ತಪ್ಪುತ್ತಾರೆ. "ಅವಸರ ಎಂತಕ್ಕೆ ಬೇಸಿಲಣ್ಣ? ಅಪ್ಪಚ್ಚ ಎಲ್ಲಿಗೂ ಓಡುದಿಲ್ಲ."

ಇಂದು ತಡವಾಗಿದೆ, ಏಳೂಕಾಲು. ಇನ್ನೂ ಆರು ಮನೆ ಬಾಕಿ. ಆಸೆ ಏನೆಂದು ಕೇಳಿದರೆ, ಸ್ಕೂಟರಿಗೆ ಚೀಲ ಸಿಕ್ಕಿಸುತ್ತಾ ಹೇಳುತ್ತಾರೆ: "ಇವರೆಲ್ಲ ಬೇಗ ಕಲ್ತ್ರೆ ಸಾಕು. ನಾನಿದ್ದಾಗ ಮುಕ್ಕಾಲು ಗಂಟೆ ಮಾತ್ರ ಮಾತಾಡುದು ಅಂದ್ರೆ ಒಂದು ಬದುಕಾ ಅದು?" ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. "ಬೇರೆ ಮನೆಗಳಲ್ಲೂ ಈಗ ಹಾಗೆಯೇ. ಹೋದ ಕೂಡ್ಲೆ ಫೈಲ್ ನೋಡುದಿಲ್ಲ. ಮೊದ್ಲು ಕೈ ಹಿಡ್ಕೊಂಡು ಸ್ವಲ್ಪ ಕೂತ್ಕೊಳ್ಳುದು. ಎಂತಾದ್ರೂ ಹೇಳ್ಲಿಕ್ಕುಂಟಾ ಅಂತ."